ಆಚೆ ಲೋಕದ ಅಪ್ಪ

ಮೊದಲು ನನಗೆ ಸಿಟ್ಟು ಬಂದಿದ್ದು ಒಂದು ಸಿನಿಮಾದ ಮೇಲೆ. ಪಾಪ, ಅದರದ್ದೇನೂ ತಪ್ಪಿರಲಿಲ್ಲ.

ಬೊಂಬೆ ಸಿನಿಮಾ ಅದು. ಬೇಸಿಗೆ ರಜದಲ್ಲಿ ಮೊಮ್ಮಗಳು ಟೀವಿ ಮುಂದೆ ಕೂತು ಅದನ್ನೇ ಹಾಕಿ ಹಾಕಿ ನೋಡುತ್ತಿದ್ದಳು. ನಾನು ಪಕ್ಕದಲ್ಲಿ ದಂಟಿನ ಸೊಪ್ಪು ಬಿಡಿಸುತ್ತಾ ಕೂತಿರುತ್ತಿದ್ದೆ. ಮೈಗೆ ಅಂಟಿಕೊಂಡ ಬಟ್ಟೆ ಹಾಕಿಕೊಂಡ ಜನ ಗಾಳಿಯಲ್ಲಿ ಹಾರುತ್ತಾರೆ, ಬೀಳೋ ಬಸ್ಸನ್ನ ಒಂದೇ ಕೈಯಲ್ಲಿ ಹಿಡಿಯುತ್ತಾರೆ. ಒಂದು ದಿನ ಆಕಾಶ ಹಳೇ ಸೀರೆ ಥರ ಪರ್ರನೆ ಹರಿಯುತ್ತೆ. ಅದರೊಳಗಿಂದ ಅವರ ಹಾಗೇ ಇರೋ ಬೇರೆ ಜನ ಇಳಿದು ಬರುತ್ತಾರೆ. ಅದೇ ಮುಖ, ಅದೇ ಬಟ್ಟೆ. ಆದರೆ ಊರಿಗೇ ಬೆಂಕಿ ಇಡುತ್ತಾರೆ.

"ಇವರ್ಯಾಕೆ ಹಿಂಗೆ ಕೆಟ್ಟುಹೋದ್ರು?" ಅಂದೆ.

"ಅಯ್ಯೋ, ಇವರು ಅವರಲ್ಲ ಕಣಜ್ಜಿ! ಆಚೆ ಲೋಕದವರು. ಇಲ್ಲಿರೋ ಒಬ್ಬೊಬ್ಬರಿಗೂ ಅಲ್ಲಿ ಒಬ್ಬೊಬ್ಬರು ಇರ್ತಾರೆ. ಕೆಟ್ಟೋರು. ನಿನಗೂ ಒಬ್ಬಳು ಕೆಟ್ಟಜ್ಜಿ ಇದ್ದಾಳೆ."

"ನಾನು ಒಳ್ಳೆಯವಳು ಅಂತ ನಿನಗ್ಯಾರು ಹೇಳಿದ್ದು?"

ಅವಳು ಯೋಚನೆ ಮಾಡಿದಳು. "ಹಂಗಾದ್ರೆ ಆಚೆ ಲೋಕದ ಅಜ್ಜೀನೇ ಒಳ್ಳೆಯವಳು. ಕೇಳಿದ ತಕ್ಷಣ ಚಾಕ್ಲೇಟ್ ಕೊಡ್ತಾಳೆ."

ಎರಡನೇ ಕ್ಲಾಸಿಗೇ ಇಷ್ಟು ಬಾಯಿ. ಇರಲಿ, ಬಾಯಿ ಇರಬೇಕು. ಯಾರು ಯಾರು ಅಂತ ಹೆಂಗೆ ಗೊತ್ತಾಗುತ್ತೆ ಅಂತ ಕೇಳಿದ್ದಕ್ಕೆ ಅದನ್ನೂ ಹೇಳಿದಳು: ಆಚೆ ಲೋಕದವರಿಗೆ ಎಡ ಬಲ ಉಲ್ಟಾ. ಇವರ ಎದೆಯ ಗುರುತು ಎಡಕ್ಕಿದ್ದರೆ ಅವರದ್ದು ಬಲಕ್ಕೆ. ಕೊನೆಗೆ ಒಳ್ಳೆಯವರು ಕೆಟ್ಟವರನ್ನ ಒದ್ದು ಆಕಾಶದ ಬಾಗಿಲಾಚೆ ದಬ್ಬಿ ಹೊಲಿದುಬಿಡುತ್ತಾರೆ. ನಾನು ಸೊಪ್ಪು ತೊಳೆಯೋಕೆ ಎದ್ದುಹೋದೆ.

ಈಗ ನನ್ನ ಮಗನ ವಿಷಯ ಹೇಳಬೇಕು. ಸರಸ್ವತಿಪುರಂನಲ್ಲಿ ಒಂದು ಟ್ಯುಟೋರಿಯಲ್‌ನಲ್ಲಿ ಪಿಯುಸಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾನೆ. ಒಳ್ಳೇ ಹೆಸರು ತೆಗೆದಿದ್ದಾನೆ. ನಮ್ಮ ಕುವೆಂಪುನಗರದ ತರಕಾರಿ ಅಂಗಡಿ ಹತ್ತಿರ ಹುಡುಗ ಹುಡುಗಿಯರು ಸ್ಕೂಟರ್ ನಿಲ್ಲಿಸಿ ನನ್ನನ್ನೇ ಮಾತಾಡಿಸುತ್ತಾರೆ: "ಅಜ್ಜಿ, ಸಾರ್ ಎಷ್ಟು ತಾಳ್ಮೆ ಗೊತ್ತಾ? ಎಷ್ಟು ಸಲ ಕೇಳಿದ್ರೂ ಬೇಜಾರು ಮಾಡ್ಕೊಳ್ದೆ ಹೇಳ್ಕೊಡ್ತಾರೆ. ಒಂದು ದಿನಾನೂ ದನಿ ಏರಿಸಿಲ್ಲ." ನಾನು ಹೂಂ ಅನ್ನುತ್ತೇನೆ. ಬದನೆಕಾಯಿ ಆರಿಸುತ್ತೇನೆ.

ಅದೇ ಸಾರ್ ಸಂಜೆ ಮನೆಗೆ ಬಂದರೆ ಚಪ್ಪಲಿ ಬಿಡೋ ಸದ್ದಿನಲ್ಲೇ ನಮಗೆ ಗೊತ್ತಾಗುತ್ತೆ. ಸಾರಿಗೆ ಉಪ್ಪು ಕಮ್ಮಿ, ಚಾರ್ಜರ್ ಎಲ್ಲಿ, ಮಗು ಯಾಕೆ ಕಿರುಚುತ್ತೆ, ಯಾವುದಾದರೂ ಒಂದು ನೆಪ. ನನ್ನ ಸೊಸೆ ಗಟ್ಟಿ ಹೆಂಗಸು, ದಿನಸಿ ಅಂಗಡಿಯವನ ಹತ್ತಿರ ತಕ್ಕಡಿ ಹಿಡಿದು ಜಗಳ ಆಡುತ್ತಾಳೆ. ಗಂಡನ ಮುಂದೆ ಮಾತ್ರ ಗೋಡೆಗಂಟಿ ನಡೆಯುತ್ತಾಳೆ. ನಾನು ಬೈದರೆ, "ನೀನು ಸುಮ್ನಿರವ್ವ, ಬೆಳಗ್ಗೆಯಿಂದ ಎಷ್ಟು ತಲೆ ತಿಂದಿರ್ತಾರೆ ನಿನಗೇನು ಗೊತ್ತು" ಅಂತ ರೂಮಿನ ಬಾಗಿಲು ಹಾಕಿಕೊಳ್ಳುತ್ತಾನೆ.

ಆ ಸಂಜೆ ಅವನು ಕೇಳಿದ್ದು ಮಾರನೇ ದಿನದ ಶರ್ಟು. ಟ್ಯುಟೋರಿಯಲ್‌ನಲ್ಲಿ ಏನೋ ಸಮಾರಂಭ. ಮಧ್ಯಾಹ್ನವೆಲ್ಲ ಕರೆಂಟಿರಲಿಲ್ಲ, ಇಸ್ತ್ರಿ ಆಗಿಲ್ಲ ಅಂದಳು ಸೊಸೆ. ಕೈಯಲ್ಲಿದ್ದ ಕಾಫಿ ಲೋಟ ಬೀಸಿದ. ದಪ್ಪ ಸ್ಟೀಲ್ ಲೋಟ, ನಾನು ಕೃಷ್ಣಮೂರ್ತಿಪುರಂನ ಮನೆಯಲ್ಲಿದ್ದಾಗಿನದು. ಅವಳ ಹುಬ್ಬಿನ ಮೇಲೆ ಬಡಿದು, ನೆಲಕ್ಕೆ ಬಿದ್ದು, ದಿವಾನ್ ಕೆಳಗೆ ಉರುಳಿತು. ಕಾಫಿ, ರಕ್ತ ಎರಡೂ ಅವಳ ಕೆನ್ನೆಯ ಮೇಲೆ ಇಳಿಯುತ್ತಿದ್ದವು. ಮಗು ಟೀವಿ ಮುಂದೆ ಕೂತಿತ್ತು. ಟೀವಿ ನೋಡುತ್ತಿರಲಿಲ್ಲ.

ಪಕ್ಕದ ರಸ್ತೆಯ ಕ್ಲಿನಿಕ್ಕಿಗೆ ಅವನೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದ. ನಾನು ಮಗುವಿನ ಕೈ ಹಿಡಿದು ಹಿಂದೆಯೇ ನಡೆದೆ. ಅಲ್ಲಿನ ಡಾಕ್ಟ್ರಮ್ಮನ ಮಗ ಇವನ ಹತ್ತಿರ ಓದಿದವನು. "ಏನಾಯ್ತು ಸಾರ್?" ಅಂತ ಅವರು ಕೇಳೋದೂ, "ಬಾಗಿಲು ತಗುಲ್ತು ಮೇಡಮ್" ಅಂತ ಸೊಸೆ ಹೇಳೋದೂ ಒಟ್ಟಿಗೇ ಆಯಿತು. ನಾನು ಬಾಯಿ ತೆಗೆದೆ. ಸೊಸೆ ನನ್ನ ಕೈಯನ್ನ ಉಗುರು ನೆಡೋ ಹಾಗೆ ಅದುಮಿದಳು. ಹೊಲಿಗೆ ಹಾಕಿಸಿಕೊಳ್ಳುತ್ತಿರೋಳು ಅವಳು. ಬಾಯಿ ಮುಚ್ಚಿದೆ. ಇವನು ಅವಳ ಬೆನ್ನು ಸವರುತ್ತಾ ನಿಂತಿದ್ದ, ಮುಖ ಬಿಳಿಚಿಕೊಂಡಿತ್ತು. "ಸಾರ್, ನೀವು ಗಾಬರಿ ಆಗ್ಬೇಡಿ, ಕೂತ್ಕೊಳಿ" ಅಂತ ಡಾಕ್ಟ್ರಮ್ಮ ಕುರ್ಚಿ ಎಳೆದು ಕೊಟ್ಟರು. ಯಾರಿಗೆ? ಲೋಟ ಎಸೆದವನಿಗೆ.

ಬೆಳಗ್ಗೆ ನಾನು ದೋಸೆ ಹುಯ್ಯುತ್ತಿದ್ದೆ, ಅವರು ಮೂವರೂ ತಿನ್ನುತ್ತಿದ್ದರು. ಮಗು ತಟ್ಟೆ ನೋಡಿಕೊಂಡೇ ಹೇಳಿತು: "ಅಮ್ಮ, ನಿನ್ನೆ ಲೋಟ ಎಸೆದಿದ್ದು ನಮ್ಮಪ್ಪ ಅಲ್ಲ. ಆಚೆ ಲೋಕದ ಅಪ್ಪ."

ಮಗ ನಕ್ಕುಬಿಟ್ಟ. ಮುಳುಗೋನಿಗೆ ಹಗ್ಗ ಸಿಕ್ಕಿದ ನಗು. "ಹೌದು ಪುಟ್ಟಿ, ನಾನಲ್ಲ! ನೋಡು, ನನ್ನ ವಾಚು ಯಾವ ಕೈಯಲ್ಲಿದೆ?" ಅಂತ ಎಡಗೈ ಚಾಚಿದ. ಸೊಸೆಯೂ ನಕ್ಕಳು, ಹೊಲಿಗೆ ಎಳೆದು ಮುಖ ಕಿವುಚಿಕೊಂಡಳು. ನಾನೊಬ್ಬಳೇ ನಗಲಿಲ್ಲ. "ಅವ್ವನ ಮುಖ ನೋಡು, ಇವಳೂ ಆಚೆಯಿಂದ್ಲೇ ಬಂದಿರ್ಬೇಕು" ಅಂದ. ಕಾವಲಿ ಮೇಲಿನ ದೋಸೆ ಸೀಯಲಿ ಅಂತ ಬಿಟ್ಟೆ.

ಅದು ಅಲ್ಲಿಗೇ ನಿಂತಿದ್ದರೆ ನಾನು ಇದನ್ನೆಲ್ಲ ಬರೆಯುತ್ತಿರಲಿಲ್ಲ. ಅದು ಮನೆಯ ಆಟ ಆಯಿತು. ಸಂಜೆ ಬಾಗಿಲಲ್ಲಿ ನಿಂತು ವಾಚು ಬಿಚ್ಚಿ ಬಲಗೈಗೆ ಕಟ್ಟಿಕೊಳ್ಳುತ್ತಿದ್ದ. "ಬಂದ ನೋಡ್ರಪ್ಪ ಆಚೆ ಲೋಕದವನು!" ಮಗು ಕಿರುಚಿ ಒಳಗೆ ಓಡುತ್ತಿತ್ತು. ಮೊದಲೆರಡು ದಿನ ತಮಾಷೆ. ಆಮೇಲೆ ತಮಾಷೆಯೊಳಗೇ ಬೈಗುಳ, ಬೈಗುಳದೊಳಗೇ ಬಾಗಿಲು ಒದೆಯೋದು. ಬೆಳಗ್ಗೆ ವಾಚು ಎಡಗೈಗೆ ಬಂದರೆ ಲೆಕ್ಕ ಚುಕ್ತಾ. ಮುಂಚೆಯಾದರೆ ಸಿಟ್ಟು ಇಳಿದ ಮೇಲೆ ಎರಡು ದಿನ ತಲೆ ತಗ್ಗಿಸಿಕೊಂಡಾದರೂ ಓಡಾಡುತ್ತಿದ್ದ. ಈಗ ಅದೂ ಹೋಯಿತು.

ಇದರ ಮಧ್ಯೆ ಒಂದು ಭಾನುವಾರ ಮುಸ್ಸಂಜೆ ಸೊಸೆ ಅಂಗೈಯಲ್ಲಿ ಕಲ್ಲುಪ್ಪು, ಒಣಮೆಣಸಿನಕಾಯಿ, ಪೊರಕೆ ಕಡ್ಡಿ ಹಿಡಿದುಕೊಂಡು ನನ್ನ ಮುಂದೆ ನಿಂತಳು. "ಅತ್ತೆ, ಅವ್ರಿಗೆ ಯಾರದ್ದೋ ಕಣ್ಣು ಬಿದ್ದಿದೆ. ಹೆಸರು ಬಂದಿದ್ದೇ ಬಂತು ನೋಡಿ. ನೀವು ದೊಡ್ಡೋರು, ದೃಷ್ಟಿ ತೆಗೀರಿ."

ಹುಬ್ಬಿನ ಮೇಲೆ ಪಟ್ಟಿ ಹಾಕಿಕೊಂಡಿರೋ ಹೆಂಗಸು ಕೇಳುತ್ತಿದ್ದಾಳೆ ಇದನ್ನ.

ನನ್ನ ಅತ್ತೇನೂ ಹೀಗೇ. ಕೃಷ್ಣಮೂರ್ತಿಪುರಂನ ವಠಾರದಲ್ಲಿ ನಾನು ಊದಿನಕಡ್ಡಿ ಹೊಸೆಯುತ್ತಿದ್ದ ಕಾಲ. ನನ್ನ ಗಂಡ ಕೈ ಎತ್ತಿದ ದಿನವೆಲ್ಲ, "ಅವನಲ್ಲ ಕಣೇ, ಗಾಳಿ ಸೋಕಿದೆ ಅವನಿಗೆ" ಅಂತ ಅವನನ್ನ ಕೂರಿಸಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕೋಳು. ಘಾಟು ಬರಲಿಲ್ಲ ಅಂದರೆ ದೃಷ್ಟಿ ಇತ್ತು ಅಂತ ಲೆಕ್ಕ. ಆ ಘಾಟಿಗೆ ನಾನು ಕೆಮ್ಮಿ ಕೆಮ್ಮಿ ಆಚೆ ಓಡುತ್ತಿದ್ದೆ. ಅವಳು ಮಾತ್ರ ಒಲೆ ಮುಂದೆ ಕೂತು, ಮೂಗು ಕಣ್ಣಲ್ಲಿ ನೀರು ಸುರಿಸಿಕೊಂಡು, "ನೋಡ್ದ್ಯಾ, ಒಂಚೂರೂ ಘಾಟಿಲ್ಲ! ಎಷ್ಟು ಕೆಟ್ಟ ಕಣ್ಣು ಬಿದ್ದಿತ್ತೋ ನನ್ನ ಮಗನಿಗೆ" ಅನ್ನೋಳು. ದೃಷ್ಟಿ ತೆಗೆಸಿಕೊಂಡವನು ಎದ್ದು ಊಟಕ್ಕೆ ಕೂರೋನು. ಬಡಿಸೋಳು ನಾನು.

ಆಗ ಗಾಳಿ, ಈಗ ಆಚೆ ಲೋಕ. ಗಂಡಸು ಮಾಡಿದ್ದಕ್ಕೆಲ್ಲ ಹೊರಗಿನವನೊಬ್ಬ ಬೇಕು ನಮ್ಮ ಮನೆಗಳಿಗೆ.

"ತಲೆ ಒಡೆಸಿಕೊಂಡೋಳು ನೀನು. ದೃಷ್ಟಿ ಅವನಿಗಾ?" ಅಂದೆ. ಅವಳ ಕೈಯಿಂದ ಮೆಣಸಿನಕಾಯಿ ಕಿತ್ತು ಡಬ್ಬಕ್ಕೆ ಹಾಕಿದೆ. "ನಾಳೆ ಹುಳಿಗಾದರೂ ಆಗುತ್ತೆ." ಅವಳು ಅತ್ತಳು. ಅಳಲಿ ಅಂತ ಬಿಟ್ಟೆ.

ಆಮೇಲೆ ಎರಡು ಮೂರು ದಿನಕ್ಕೆ ನಡೆದದ್ದು ನನ್ನ ತಾಳ್ಮೆಯ ಕೊನೆ. ಸೊಸೆ ಮಗುವಿಗೆ ತಲೆ ಬಾಚುತ್ತಿದ್ದಳು. ಸಿಕ್ಕು ಎಳೆಯಿತು ಅಂತ ಕಾಣುತ್ತೆ. ಮಗು ಕಿರುಚಲಿಲ್ಲ. ನಿಧಾನಕ್ಕೆ ಎಡಗೈಯಲ್ಲಿದ್ದ ಪ್ಲಾಸ್ಟಿಕ್ ವಾಚು ಬಿಚ್ಚಿತು, ಬಲಗೈಗೆ ಹಾಕಿಕೊಂಡಿತು, ತಿರುಗಿ ತಾಯಿಯ ಕೆನ್ನೆಗೆ ಛಟಾರನೆ ಬಿಟ್ಟಿತು. ಹೊಲಿಗೆ ಇದ್ದ ಕಡೆಯೇ.

"ಏನೇ ಇದು!" ಅಂತ ನಾನು ಎದ್ದೆ.

ಕೈ ಮುಂದೆ ಚಾಚಿ ತೋರಿಸಿತು. ಮುಖದಲ್ಲಿ ನಗು, ಅವರಪ್ಪನದೇ ನಗು. "ಅದು ನಾನಲ್ಲ ಕಣಜ್ಜಿ. ಆಚೆ ಲೋಕದವಳು."

ತಾಯಿ ಕೆನ್ನೆ ಹಿಡಿದುಕೊಂಡು ನಕ್ಕಳು! "ಬಿಡಿ ಅತ್ತೆ, ಆಟ ಆಡುತ್ತೆ" ಅಂದಳು. ಆಟವಂತೆ. ನನಗೆ ಆ ಗಳಿಗೆಯಲ್ಲಿ ಕಂಡದ್ದು ಆಟವಲ್ಲ. ಈ ಹೆಣ್ಣು ದೊಡ್ಡದಾಗಿ ಇನ್ನೊಂದು ಮನೆಯಲ್ಲಿ ಹೊಡೆಯುತ್ತೆ, ಇಲ್ಲಾ ಹೊಡೆಸಿಕೊಂಡು ಉಪ್ಪು ಮೆಣಸಿನಕಾಯಿ ಹುಡುಕುತ್ತೆ. ಎರಡರಲ್ಲೊಂದು. ಮೂರನೇ ದಾರಿ ಯಾರೂ ತೋರಿಸುತ್ತಿಲ್ಲ.

ರಟ್ಟೆ ಹಿಡಿದು ಹಿತ್ತಲಿನ ಬಟ್ಟೆ ಒಗೆಯೋ ಕಲ್ಲಿನ ಮೇಲೆ ಕೂರಿಸಿದೆ.

"ಆಚೆ ಲೋಕದ ಅಪ್ಪ ಎಲ್ಲಿಗೆ ಬರ್ತಾನೆ?"

"ನಮ್ಮನೆಗೆ."

"ಟ್ಯುಟೋರಿಯಲ್‌ಗೆ ಯಾಕೆ ಹೋಗಲ್ಲ? ಅಲ್ಲಿ ಅಷ್ಟೊಂದು ಮಕ್ಕಳು ತಲೆ ತಿಂತಾರಲ್ಲ, ಒಬ್ಬರ ಮೇಲಾದರೂ ಲೋಟ ಎಸೀಬೇಕಿತ್ತಲ್ಲ?"

ಕಾಲು ಆಡಿಸಿತು. "ಅವನಿಗೆ ಆ ದಾರಿ ಗೊತ್ತಿಲ್ವೇನೋ."

"ಆಕಾಶ ಹರ್ಕೊಂಡು ಬರೋನಿಗೆ ಸರಸ್ವತಿಪುರಂ ದಾರಿ ಗೊತ್ತಿಲ್ವಾ? ಬಸ್ಸು ಹೋಗುತ್ತೆ ಕಣೇ ಅಲ್ಲಿಗೆ."

ಮಗು ನಗಲಿಲ್ಲ. ಕಾಲು ಆಡಿಸೋದು ನಿಲ್ಲಿಸಿತು.

"ಹಂಗಾದ್ರೆ ನಮ್ಮಪ್ಪಾನೇನಾ ಅಜ್ಜಿ?"

"ನಿಮ್ಮಪ್ಪಾನೇ. ನನ್ನ ಮಗಾನೇ."

"ಐಸ್‌ಕ್ರೀಮ್ ಕೊಡಿಸೋದು?"

"ಅದೂ ಅವನೇ. ಇರೋನು ಒಬ್ಬನೇ. ಎಲ್ಲಿ ಸಿಟ್ಟು ಮಾಡ್ಬೇಕು, ಎಲ್ಲಿ ಮಾಡ್ಬಾರ್ದು ಅಂತ ಚೆನ್ನಾಗಿ ಗೊತ್ತಿರೋನು."

ಅತ್ತಿತು. ನಾನು ಕಣ್ಣು ಒರೆಸೋಕೆ ಹೋಗಲಿಲ್ಲ. ಅಳು ಮುಗಿದ ಮೇಲೆ, "ಈಗ ಅಮ್ಮನಿಗೆ ಹೊಡೆದಿದ್ದು ಯಾರು?" ಅಂದೆ. "ನಾನೇ" ಅಂತು, ಕೇಳಿಸದ ಹಾಗೆ. ವಾಚು ಬಿಚ್ಚಿ ಕಲ್ಲಿನ ಮೇಲಿಟ್ಟು ಒಳಗೆ ಹೋಯಿತು.

ಸೊಸೆ ನನ್ನ ಮೇಲೇ ಹರಿಹಾಯ್ದಳು. "ಮಗು ಮನಸ್ಸಲ್ಲಿ ಅಪ್ಪನ್ನ ಕೆಡಿಸಿಬುಟ್ರಲ್ಲ ಅತ್ತೆ. ಏನೋ ಒಂದು ನಂಬ್ಕೊಂಡು ನೆಮ್ಮದಿಯಾಗಿತ್ತು."

"ನೆಮ್ಮದಿ ಅದಕ್ಕಲ್ಲ, ನಿನಗೆ" ಅಂದೆ. ಅವತ್ತು ಅವಳು ನನಗೆ ತಟ್ಟೆ ಹಾಕಲಿಲ್ಲ. ನಾನೇ ಬಡಿಸಿಕೊಂಡು ಉಂಡೆ.

ಹೊಲಿಗೆ ಬಿಚ್ಚೋ ದಿನ ನಾವೆಲ್ಲ ಕ್ಲಿನಿಕ್ಕಿಗೆ ಹೋದೆವು. ಮಗ ಇಸ್ತ್ರಿ ಶರ್ಟಿನಲ್ಲಿದ್ದ, ಅಲ್ಲಿಂದಲೇ ಪಾಠಕ್ಕೆ ಹೋಗೋನು. ಡಾಕ್ಟ್ರಮ್ಮ ಕತ್ತರಿ ತೆಗೆದುಕೊಳ್ಳುತ್ತಾ ನಗುನಗುತ್ತಾ ಕೇಳಿದರು, "ಆ ಬಾಗಿಲು ಸರಿ ಮಾಡಿಸಿದ್ರಾ ಸಾರ್?"

"ಮಾಡಿಸ್ಬೇಕು ಮೇಡಮ್" ಅಂತ ಇವನೂ ನಕ್ಕ.

"ಬಾಗಿಲಲ್ಲ ಆಂಟಿ" ಅಂತು ಮಗು. "ಅಪ್ಪ ಲೋಟ ಎಸೆದ್ರು."

ನಾನು ಹೇಳಿಕೊಟ್ಟಿರಲಿಲ್ಲ. ಸೊಸೆ ಇವತ್ತಿಗೂ ನಂಬೋದಿಲ್ಲ, ನಂಬದಿದ್ದರೆ ಬಿಡಲಿ. ಡಾಕ್ಟ್ರಮ್ಮನ ಕೈ ನಿಂತಿತು. ಮಗ ಬಗ್ಗಿ ಮಗುವಿನ ಭುಜ ಹಿಡಿದು, ಪಾಠ ಹೇಳೋ ಮೆತ್ತನೆ ದನಿಯಲ್ಲಿ, "ಪುಟ್ಟಿ, ಅದು ಯಾರು ಹೇಳು? ನಾವು ಆಟ ಆಡ್ತೀವಲ್ಲ..." ಅಂದ.

ಮಗು ಅವನ ಕೈಯನ್ನೇ ನೋಡಿತು. "ಅವತ್ತು ವಾಚು ಎಡಗೈಲೇ ಇತ್ತಪ್ಪ. ನಾನು ನೋಡಿದ್ದೆ."

ನೋಡಿತ್ತಂತೆ. ದೋಸೆ ತಿನ್ನುವಾಗಲೂ ಗೊತ್ತಿತ್ತು ಅದಕ್ಕೆ. ಅಪ್ಪನನ್ನ ಉಳಿಸಿಕೊಳ್ಳೋಕೆ ಆಕಾಶ ಹರಿದು ಒಬ್ಬನನ್ನ ಕರೆಸಿತ್ತು ಆ ಕೂಸು, ಅದರ ಬೆನ್ನ ಮೇಲೆ ಹತ್ತಿ ಕೂತಿದ್ದ ಇವನು. ನನ್ನ ಜೀವಮಾನದಲ್ಲಿ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ, ಗಂಡನ ಮೇಲೂ.

"ಸಾರ್, ನೀವು ಸ್ವಲ್ಪ ಆಚೆ ಇರಿ" ಅಂದರು ಡಾಕ್ಟ್ರಮ್ಮ. ಈ ಸಲ ಕುರ್ಚಿ ಎಳೆಯಲಿಲ್ಲ. ಸೊಸೆಯನ್ನ ಒಳಗೆ ಕೂರಿಸಿಕೊಂಡು ಬಾಗಿಲು ಹಾಕಿದರು. ಅಲ್ಲಿ ಅವಳು ಏನು ಹೇಳಿದಳೋ ನಾನು ಕೇಳಿಲ್ಲ. ಬರುವಾಗ ಅವಳು ಸ್ಕೂಟರ್ ಹತ್ತಲಿಲ್ಲ, ನಮ್ಮ ಜೊತೆ ನಡೆದು ಬಂದಳು. ದೃಷ್ಟಿಯ ಮಾತು ಮತ್ತೆ ಎತ್ತಿಲ್ಲ.

ಅವಳು ಇನ್ನೂ ಒಳಗಿದ್ದಾಗ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಮಗನ ಪಕ್ಕ ನಾನು ನಿಂತಿದ್ದೆ. "ಮಾನ ತೆಗೆದುಬಿಟ್ಟೆ ಕಣವ್ವ" ಅಂದ. "ಮತ್ತೆ ಕೈ ಎತ್ತಿದರೆ ನಿನ್ನ ಟ್ಯುಟೋರಿಯಲ್ ಬಾಗಿಲಲ್ಲಿ ನಿಂತು ಮಕ್ಕಳಿಗೆ ಹೇಳ್ತೀನಿ. ಬಸ್ ನಂಬರ್ ಗೊತ್ತು ನನಗೆ" ಅಂದೆ.

ಅವತ್ತಿನಿಂದ ಕೈ ಎತ್ತಿಲ್ಲ. ಬದಲಾದ ಅಂತ ನಾನು ಹೇಳೋದಿಲ್ಲ, ಹೆದರಿದ್ದಾನೆ. ಹೆದರಲಿ.

ದಿವಾನ್ ಕೆಳಗಿಂದ ಲೋಟ ತೆಗೆದಾಗ ಬಾಯಿಯ ಹತ್ತಿರ ನೆಗ್ಗಿತ್ತು. ಸೊಸೆ ಅದನ್ನ ಪಾತ್ರೆ ಅಂಗಡಿಗೆ ಹಾಕಿ ಬೇರೆ ತರೋಣ ಅಂದಳು. ನಾನು ಒಪ್ಪಲಿಲ್ಲ. ಹುಣಸೆಹಣ್ಣಿನಲ್ಲಿ ತಿಕ್ಕಿ ಇಟ್ಟೆ. ದಿನಾ ಬೆಳಗ್ಗೆ ಅವನಿಗೆ ಅದರಲ್ಲೇ ಕಾಫಿ ಕೊಡುತ್ತೇನೆ. ನೆಗ್ಗಿದ ಜಾಗ ತುಟಿಗೆ ಸಿಗುತ್ತೆ, ತಿರುಗಿಸಿಕೊಂಡು ಕುಡಿಯಬೇಕು.

"ಬೇರೆ ಲೋಟ ಇಲ್ವೇನವ್ವ?" ಅಂತ ಮೊನ್ನೆ ಕೇಳಿದ.

"ಇದೆ" ಅಂದೆ. "ಕೊಡಲ್ಲ."