ಕಿಟಕಿಯಲ್ಲಿ ಸಿಕ್ಕಿಕೊಂಡ ತಮ್ಮ

ನನ್ನ ತಮ್ಮ ಬಸ್ಸಿನ ಕಿಟಕಿಯಲ್ಲಿ ಸಿಕ್ಕಿಕೊಂಡು “ಅಕ್ಕಾ” ಎಂದು ಕೂಗಿದಾಗ ನಾನು ಏಳಲಿಲ್ಲ. ಎರಡು ಸೀಟು ಹಿಂದೆ ಕೂತು ಹೊರಗಿನ ಹೊಲ ನೋಡುತ್ತಿರುವವಳಂತೆ ಮುಖ ತಿರುಗಿಸಿದೆ. ಬಸ್ಸು ಇನ್ನೂ ನಿಲ್ದಾಣ ಬಿಟ್ಟಿರಲಿಲ್ಲ. ಹೊಲ ಎಲ್ಲೂ ಇರಲಿಲ್ಲ.

ಆಗ ನಾನು ಒಂಬತ್ತನೇ ತರಗತಿ, ಅವನು ಏಳನೇ ತರಗತಿ. ನನ್ನ ಓದು ಆ ವರ್ಷಕ್ಕೇ ಮುಗಿಯಿತು. ತಾವರಗೇರಾದಿಂದ ಕುಷ್ಟಗಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಬಾಗಿಲಿನಿಂದ ಹತ್ತಿದವರಿಗೆ ಸೀಟು ಸಿಗುತ್ತಿರಲಿಲ್ಲ. ಕಿಟಕಿಯಿಂದ ಟವೆಲ್ ಎಸೆಯಬೇಕು. ಟವೆಲ್ ಬಿದ್ದ ಸೀಟು ಎಸೆದವರದು. ನನ್ನ ಸೀಟನ್ನು ಗೆಳತಿಯ ಓಢಣಿ ಹಿಡಿದಿತ್ತು. ಹತ್ತನೇ ತರಗತಿಯ ನಾಲ್ವರು ಹುಡುಗರು ಮಾತ್ರ ಟವೆಲ್ಲಿನ ಬದಲು ನನ್ನ ತಮ್ಮನನ್ನೇ ಎಸೆಯುತ್ತಿದ್ದರು. ಅವನು ಒಳಗೆ ಬಿದ್ದು ನಾಲ್ಕು ಟವೆಲ್ ಹಾಸಬೇಕು. ತಡವಾದರೆ ತಲೆಗೆ ಮೊಟಕು. ನಾನು ಗೆಳತಿಯರಿಗೆ ಅವನು ನಮ್ಮ ಓಣಿಯ ಹುಡುಗ ಎಂದಷ್ಟೇ ಹೇಳಿದ್ದೆ.

ಆ ದಿನ ಅವನ ಬೆನ್ನ ಮೇಲಿನ ಚೀಲ ಕಿಟಕಿಗೆ ಸಿಕ್ಕಿಬಿತ್ತು. ತಲೆ ಒಳಗೆ, ಕಾಲು ಹೊರಗೆ.

“ಯಪ್ಪಾ, ನನ್ನ ಟಮಾಟಿ ಮ್ಯಾಲ ಬಿದ್ದಾನ!” ಎಂದು ಬುಟ್ಟಿ ಹಿಡಿದ ಅಜ್ಜಿ ಚೀರಿದಳು.

ಹೊರಗಿದ್ದ ಹುಡುಗರು ಅವನ ಚಪ್ಪಲಿ ಕಿತ್ತು ಅಂಗಾಲಿಗೆ ಕಚಗುಳಿ ಇಟ್ಟರು. “ಅರ್ಧಾ ಒಳಗದಾನ್ರಿ, ಅರ್ಧಾ ಟಿಕೆಟ್ ಹರೀರಿ!” ಎಂದ ಒಬ್ಬ. ಇಡೀ ಬಸ್ಸು ನಕ್ಕಿತು. ನಾನೂ ನಕ್ಕೆ. ಕಚಗುಳಿಗೆ ನಗುತ್ತಿದ್ದ ತಮ್ಮ ಹಾಗೇ ಅಳತೊಡಗಿದ. “ಅಕ್ಕಾ!”

“ನಿನ್ನ ಕರೀತಾನೇನ?” ಎಂದಳು ಗೆಳತಿ.

“ಅವ ಎಲ್ಲಾರಿಗೂ ಅಕ್ಕಾನ ಅಂತಾನ.”

ಆಗ ಮುಂದಿನ ಸೀಟಿನಿಂದ ಐದನೇ ತರಗತಿಯ ಒಬ್ಬ ಪುಟ್ಟ ಹುಡುಗಿ ಎದ್ದಳು. ಅವನ ಕೈಯಲ್ಲಿದ್ದ ನಾಲ್ಕೂ ಟವೆಲ್ ಕಸಿದು, ಆಚೆ ಬದಿಯ ಕಿಟಕಿಯಿಂದ ಕೆಸರಿಗೆ ಎಸೆದಳು. ಹುಡುಗರು ಕಾಲು ಬಿಟ್ಟು ಟವೆಲ್ಲಿಗೆ ಓಡಿದರು. ಅದುವರೆಗೆ ನಗುತ್ತಿದ್ದವರಿಗೆಲ್ಲ ಒಮ್ಮೆಲೇ ಕರುಣೆ ಬಂತು. ಅಜ್ಜಿ ಕೈ ಎಳೆದಳು, ಕಂಡಕ್ಟರ್ ಕಾಲು ನೂಕಿದ.

ಕುಷ್ಟಗಿಯಲ್ಲಿ ಇಳಿಯುವಾಗ ಆ ಪುಟ್ಟ ಹುಡುಗಿಯನ್ನು ಕೇಳಿದೆ: “ನಿನಗ ಅಂಜಿಕಿ ಬರ್ಲಿಲ್ಲೇನು?”

“ಬಂತು. ಯಾರರ ಏಳ್ತಾರಂತ ನೋಡಿಕೋತ ಕುಂತಿದ್ದೆ. ಅಷ್ಟ್ರಾಗ ಅವ ಅಕ್ಕಾ ಅಂದ. ಮನ್ಯಾಗ ನಾನ ಸಣ್ಣಾಕಿ, ಯಾರೂ ನನ್ನ ಹಂಗ ಕರದಿಲ್ಲ. ನನ್ನ ಕರದಾನಂತ ಎದ್ದೆ.”

ಅವನು ಅವಳಿಗಿಂತ ಎರಡು ವರ್ಷ ದೊಡ್ಡವನು.

ಕಿಟಕಿಗೆ ಸಿಕ್ಕಿ ಅಂಗಿ ಹರಿದದ್ದಕ್ಕೆ ಅಂದು ಸಂಜೆ ಅವ್ವ ಬೈದಾಗ ತಮ್ಮ ತಪ್ಪನ್ನು ಜಾಲಿ ಮುಳ್ಳಿನ ಮೇಲೆ ಹಾಕಿದ. ನನ್ನ ಸುದ್ದಿ ಎತ್ತಲಿಲ್ಲ. ಆದರೆ ಅಂದಿನಿಂದ ಯಾವುದಕ್ಕೂ ನನ್ನನ್ನು ಕೂಗಲಿಲ್ಲ. ಮೇಲಿನ ಡಬ್ಬಿ ಎಟುಕದಿದ್ದರೆ ಕುರ್ಚಿಯ ಮೇಲೆ ಕೊಡ ಇಟ್ಟು ಹತ್ತಿ, ಡಬ್ಬಿಯ ಸಮೇತ ಬೀಳುತ್ತಿದ್ದ.

ಕಳೆದ ತಿಂಗಳು ಅವನ ಮನೆಗೆ ಹೋಗಿದ್ದೆ. ಮಗಳನ್ನು ಮೊದಲ ಸಲ ಒಬ್ಬಳನ್ನೇ ಬಸ್ಸಿಗೆ ಕಳಿಸುತ್ತ ಬುದ್ಧಿ ಹೇಳುತ್ತಿದ್ದ: “ಏನರ ಆದ್ರ ನಮ್ಮವ್ರನ್ನ ಕರೀಬ್ಯಾಡವ್ವ. ಗುರ್ತಿಲ್ಲದಾರನ್ನ ಕರಿ, ಅವ್ರು ಬರ್ತಾರ.”

ಹೆಂಡತಿ ನಕ್ಕಳು. ಅವನೂ ನಕ್ಕ. ನಾನು ಚಹಾದ ಕಪ್ಪು ಕೆಳಗಿಟ್ಟು, ಅವರೆಲ್ಲರ ಎದುರಿಗೇ ಹೇಳಿದೆ:

“ಅವತ್ತು ನೀ ಕರದದ್ದು ನನ್ನನ್ನ. ನನಗ ಕೇಳ್ಸಿತ್ತು. ನಾಚ್ಕಿ ಬಂದು ಸುಮ್ನ ಕುಂತೆ. ತಪ್ಪಾತೋ ತಮ್ಮಾ.”