ಕೌಬಾಯ್ ಸಿನಿಮಾದಲ್ಲಿ ಬೀಳುವ ಕೆಲಸ

ನಾಲ್ಕು ಚಳಿಗಾಲ ನಾನು ಕೌಬಾಯ್ ಸಿನಿಮಾಗಳಲ್ಲಿ ಸತ್ತಿದ್ದೇನೆ. ಮಾಡಿನಿಂದ ಬಿದ್ದು ಸತ್ತೆ, ಕುದುರೆಯಿಂದ ಬಿದ್ದು ಸತ್ತೆ, ಒಮ್ಮೆ ನೀರಿನ ತೊಟ್ಟಿಯಲ್ಲಿ ತಲೆಕೆಳಗಾಗಿ ಸತ್ತೆ. ದೋಹಾದಿಂದ ಪಶ್ಚಿಮಕ್ಕೆ ಒಂದು ಗಂಟೆ ಹೋದರೆ ಸಿಗುವ ಸುಣ್ಣಕಲ್ಲಿನ ಗುಡ್ಡಗಳ ನಡುವೆ ಒಂದು ವಿದೇಶಿ ಕಂಪನಿ ಹಲಗೆಯ ಊರು ಕಟ್ಟಿ, ಅದನ್ನೇ ಅಮೆರಿಕವೆಂದು ತೋರಿಸುತ್ತಿತ್ತು. ಅಂಗಡಿ, ಬ್ಯಾಂಕು, ಜೈಲು ಎಲ್ಲಕ್ಕೂ ಮುಂಭಾಗ ಮಾತ್ರ. ಹಿಂದೆ ಹೋದರೆ ಆಸರೆಗೆ ಕೊಟ್ಟ ಕೋಲುಗಳು. ಶೌಚಾಲಯ ದೂರವಿದ್ದುದರಿಂದ ಮೂತ್ರದ ನಾತ.

ನಾನು ಕತಾರಿಗೆ ಬಂದದ್ದು ಕಟ್ಟಡಗಳ ಹೊರಗೆ ಕಬ್ಬಿಣದ ಅಟ್ಟಣಿಗೆ ಕಟ್ಟುವ ಕೆಲಸಕ್ಕೆ. ಎತ್ತರಕ್ಕೆ ಹೆದರಿದವನಲ್ಲ. ಶುಕ್ರವಾರಗಳಲ್ಲಿ ಅಲ್ ಅಜೀಜಿಯಾದ ಆಚೆಗಿದ್ದ ಒಂದು ಕುದುರೆ ಲಾಯಕ್ಕೆ ಹೋಗುತ್ತಿದ್ದೆ. ಲದ್ದಿ ಬಾಚಿದರೆ ಅಲ್ಲಿಯ ಸುಡಾನಿನ ಮುದುಕ ಸವಾರಿ ಕಲಿಸುತ್ತಿದ್ದ. ಕಂಪನಿ ಕುದುರೆಗಳನ್ನು ಬಾಡಿಗೆಗೆ ತರುತ್ತಿದ್ದುದು ಅದೇ ಲಾಯದಿಂದ. ಒಂದು ದಿನ ಅವರ ಸ್ಟಂಟ್ ಮಾಸ್ತರ, ಮಾಡಿನಿಂದ ಹಾರುವವರು ಯಾರಾದರೂ ಇದ್ದಾರಾ ಎಂದು ಕೇಳಿದ. ಹಾರಿದೆ. ಸುಳ್ಳೇಕೆ ಹೇಳಲಿ, ಮೊದಲ ವರ್ಷ ಬಹಳ ಖುಷಿಯಾಗಿತ್ತು.

ಮೂರನೆಯ ಚಳಿಗಾಲದಲ್ಲಿ ನನಗೆ ಒಂದು ಮಾತು ಸಿಕ್ಕಿತು. ನಾಯಕ ನನ್ನ ಕಾಲರು ಹಿಡಿದಾಗ "ನಾನಲ್ಲ, ದೊರೆ" ಎಂದು ಇಂಗ್ಲಿಷಿನಲ್ಲಿ ಹೇಳಬೇಕು. ಅವನು ನನ್ನ ಮುಖಕ್ಕೆ ತಂಬಾಕು ಉಗುಳಬೇಕು. ತಂಬಾಕೆಂದರೆ ಖರ್ಜೂರದ ಪಾಕಕ್ಕೆ ಕಾಫಿ ಬೆರೆಸಿದ್ದು. ಆದರೆ ಅದನ್ನು ಅವನು ಬಾಯಲ್ಲಿಟ್ಟು ಚೆನ್ನಾಗಿ ಮುಕ್ಕಳಿಸಿಯೇ ಉಗುಳುತ್ತಿದ್ದ. ಬೆಚ್ಚಗಿನ, ಲೋಳೆಲೋಳೆಯಾದ ಅದು ರೆಪ್ಪೆಯಿಂದ ತುಟಿಗೆ ಇಳಿಯುತ್ತಿತ್ತು. ಏಳು ಸಲ ಉಗುಳಿದ ಮೇಲೆ ಊಟಕ್ಕೆ ಬಿಟ್ಟರು. ಕರವಸ್ತ್ರ ತೆಗೆದೆ. ಮೇಕಪ್ಪಿನ ಹುಡುಗಿ ಓಡಿ ಬಂದು ಹಿಂದಿಯಲ್ಲಿ, "ಒರೆಸ್ಬೇಡಿ, ಊಟದ ಮೇಲೂ ಹೀಗೇ ಕಾಣ್ಬೇಕು, ಇಲ್ಲಾಂದ್ರೆ ಕಂಟಿನ್ಯೂಯಿಟಿ ಹೋಗ್ತದೆ" ಅಂದಳು. ಇನ್ನೊಬ್ಬನ ಎಂಜಲು ಮುಖದ ಮೇಲೆ ಒಣಗುತ್ತಿರುವಾಗ ನಾನು ಬಿರಿಯಾನಿ ತಿಂದೆ. ನೊಣಗಳು ಅನ್ನವನ್ನು ಬಿಟ್ಟು ನನ್ನ ಕೆನ್ನೆಗೇ ಬಂದವು.

ಬಿನ್ ಮಹಮೂದ್ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಮರಳಿ ಹೆಂಡತಿಗೆ ಹೇಳಿದ್ದು ಇಷ್ಟೇ: "ಡೈಲಾಗ್ ಸಿಕ್ಕಿತು." ಅವಳು ಶಾವಿಗೆ ಪಾಯಸ ಮಾಡಿದಳು.

ನಾಲ್ಕನೆಯ ಚಳಿಗಾಲದಲ್ಲಿ, ಮರುವರ್ಷ ಹೆಸರಿರುವ ಪಾತ್ರ ಕೊಡುತ್ತೇನೆಂದು ನಿರ್ದೇಶಕ ಆಸೆ ತೋರಿಸಿದ್ದ. ಆ ಚಳಿಗಾಲದಲ್ಲಿ ಕಂದು ಬಣ್ಣದ ಒಂದು ಹೆಣ್ಣುಕುದುರೆಗೆ ಬೀಳುವುದನ್ನು ಕಲಿಸಿದೆವು. ನೆಲ ಅಗೆದು ಮೆತ್ತನೆಯ ಮರಳು ತುಂಬಿದೆವು. ಅಲ್ಲಿಗೆ ಬಂದಾಗ ಲಗಾಮನ್ನು ಒಂದು ಬದಿಗೆ ಎಳೆದರೆ ಅದು ತಾನಾಗಿ ಮಗ್ಗುಲಾಗುತ್ತಿತ್ತು. ಮುದುಕ ಪಕ್ಕದಲ್ಲೇ ನಿಂತು, ಅದು ಎದ್ದ ಕೂಡಲೇ ಬಾಯಿಗೆ ಕ್ಯಾರೆಟ್ ಇಡುತ್ತಿದ್ದ. ವಾರಗಟ್ಟಲೆ ಕಲಿಸಿದ ಮೇಲೆ ನಿರ್ದೇಶಕ ನೋಡಿ, "ಇದು ಮಲಗಿದ ಹಾಗಿದೆ, ಬಿದ್ದ ಹಾಗಿಲ್ಲ" ಅಂದ.

ಶೂಟಿಂಗಿನ ದಿನ ಬೆಳಿಗ್ಗೆ ಮಾಸ್ತರ ನನ್ನನ್ನು ಕರೆದು ಮರಳಿನಲ್ಲಿ ಹೂತಿಟ್ಟ ತಂತಿ ತೋರಿಸಿದ. ಒಂದು ತುದಿ ಗೂಟಕ್ಕೆ, ಇನ್ನೊಂದು ಕುದುರೆಯ ಮುಂಗಾಲುಗಳಿಗೆ. ಓಡುತ್ತಿರುವಾಗ ತಂತಿ ಬಿಗಿಯಾದರೆ ಕುದುರೆ ಮುಂದಕ್ಕೆ ಮಗುಚುತ್ತದೆ.

"ಹಿಂದೆ ಹೀಗೇ ಮಾಡ್ತಿದ್ದರು. ಈಗ ಯಾರೂ ಮಾಡೋದಿಲ್ಲ, ಆದ್ರೆ ಇಲ್ಲಿ ನೋಡುವವರು ಯಾರು?" ಅಂದ. "ನೀನು ಕಾಲು ಬಿಡಿಸಿಕೊಂಡು ಹಾರು, ಸಾಕು. ಆ ಮುದುಕನ್ನ ಮಾತ್ರ ಸ್ವಲ್ಪ ದೂರ ಕಳಿಸು."

ನಾನು ಬೇಡ ಅನ್ನಲಿಲ್ಲ. ಮುದುಕನ ಬಳಿಗೆ ಹೋಗಿ, "ಬಾಬಾ, ಕುದುರೆಗೆ ನೀರು ಸಾಲದು, ಟ್ಯಾಂಕರಿನಿಂದ ತರ್ತೀಯಾ?" ಅಂದೆ. ಅವನು ಎರಡು ಬಕೆಟು ಹಿಡಿದು ಹೊರಟ.

ಕುದುರೆ ಪೂರ್ತಿ ವೇಗದಲ್ಲಿತ್ತು. ಮೆತ್ತನೆಯ ಮರಳು ಬಂದಾಗ ನಾನು ಲಗಾಮು ಎಳೆಯುತ್ತೇನೆಂದು ಕಾದು ಅದು ಕಿವಿಯನ್ನು ನನ್ನ ಕಡೆಗೆ ತಿರುಗಿಸಿತು. ಆಮೇಲೆ ನೆಲವೇ ಮೇಲಕ್ಕೆ ಬಂತು. ನಾನು ಉರುಳಿ ಎದ್ದೆ, ಒಂದು ಗೀರೂ ಇರಲಿಲ್ಲ. ಅದು ಏಳಲು ನೋಡಿತು. ಬಲ ಮುಂಗಾಲು ಮೊಣಕಾಲಿನ ಕೆಳಗೆ ಬೇರೆ ಕಡೆಗೆ ತಿರುಗಿತ್ತು. ಎಲ್ಲೋ ಯಾರೋ ಚಪ್ಪಾಳೆ ತಟ್ಟಿದರು. ಮುದುಕ ಬಕೆಟುಗಳನ್ನು ಅಲ್ಲೇ ಇಟ್ಟು ಓಡಿ ಬಂದ, ಅದರ ಕುತ್ತಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಕುದುರೆ ಡಾಕ್ಟರು ಬಂದು ಕೊನೆಯ ಸೂಜಿ ಚುಚ್ಚಿದರು. "ಖಲಾಸ್, ಮುಗಿಯಿತು" ಎಂದು ಮುದುಕ ಅದರ ಕಿವಿಯಲ್ಲೇ ಹೇಳಿದ. ಎಡವಿ ಬಿತ್ತು ಎಂದು ಕಂಪನಿ ಬರೆದುಕೊಂಡಿತು. ನಾನು ಸಹಿ ಹಾಕಿದೆ.

ಸಿನಿಮಾ ಬಂದಾಗ ಹೆಂಡತಿಯನ್ನು ಮುಶೈರಿಬ್‌ನ ಥಿಯೇಟರಿಗೆ ಕರೆದುಕೊಂಡು ಹೋದೆ. ಪರದೆಯ ಮೇಲೆ ಕುದುರೆ ನಿಧಾನಗತಿಯಲ್ಲಿ ಮಗುಚಿತು. ಹಿಂದಿನ ಸಾಲಿನವನು ಶಿಳ್ಳೆ ಹೊಡೆದ. ಹೊರಗೆ ಓಡಿದೆ, ಬೇಸಿನ್ನಿನಲ್ಲಿ ವಾಂತಿ ಮಾಡಿದೆ. ಕನ್ನಡಿಯಲ್ಲಿ ಕಂಡವನ ಮೇಲೆ ಉಗುಳುವಷ್ಟು ಹೇಸಿಗೆಯಾಯಿತು. ಈ ಸಲ ಉಗುಳಿದ್ದರೆ ನ್ಯಾಯವೇ ಆಗುತ್ತಿತ್ತು.

ಮನೆಗೆ ಬಂದು ಅವಳಿಗೆ ಎಲ್ಲ ಹೇಳಿದೆ.

"ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಹತ್ತಿದ್ದಾ ಮಾರಾಯ್ರೆ?" ಎಂದು ಕೇಳಿ ಒಳಗೆ ಹೋದಳು. ಮೂರನೆಯ ದಿನ ಚಹಾ ತಂದಿಟ್ಟು, "ಆ ಅಜ್ಜನಿಗೆ ಹೇಳಿದ್ರಾ?" ಎಂದಳು.

ಶುಕ್ರವಾರ ಲಾಯಕ್ಕೆ ಹೋದೆ. ಮುದುಕ ಒಂದು ಕುದುರೆಮರಿಯ ಗೊರಸು ಕೆರೆಯುತ್ತಿದ್ದ. ತಂತಿಯ ವಿಷಯ ಹೇಳಿದೆ, ನೀರಿನ ನೆಪ ಹೇಳಿದೆ, ಸಹಿ ಹಾಕಿದ್ದನ್ನೂ ಹೇಳಿದೆ. ಅವನು ತಲೆ ಎತ್ತಲಿಲ್ಲ.

"ಅದರ ಕಾಲು ತೊಳೆದವನು ನಾನು," ಅಂದ. "ತಂತಿ ಕೊಯ್ದ ಗುರುತು ನೋಡಲಿಲ್ಲ ಅಂದ್ಕೊಂಡ್ಯಾ? ನೀನಾಗಿ ಬಂದು ಹೇಳ್ತೀಯೋ ಇಲ್ವೋ ಅಂತ ನೋಡ್ತಿದ್ದೆ. ತಡ ಮಾಡಿದೆ."

ಕ್ಷಮಿಸು ಎಂದೆ. "ಮಾಫಿ," ಅಂದ. ಅಲ್ಲಿಯ ಅರಬ್ಬಿಯಲ್ಲಿ ಇಲ್ಲ ಎಂದರ್ಥ. ಮತ್ತೆ ಗೊರಸು ಕೆರೆಯತೊಡಗಿದ.

ಹೆಸರಿರುವ ಪಾತ್ರಕ್ಕೆ ಕಂಪನಿ ಆಮೇಲೆ ಕರೆಯಿತು. ಹೋಗಲಿಲ್ಲ. ನಡೆದದ್ದನ್ನು ಬರೆದು ಸಹಿ ಹಾಕಿ ಲಾಯದ ಮಾಲೀಕನಿಗೆ ಕೊಟ್ಟೆ. ಅವನು ಅವರಿಗೆ ಕುದುರೆ ಕೊಡುವುದನ್ನು ನಿಲ್ಲಿಸಿದ. ನಾನು ಮತ್ತೆ ಅಟ್ಟಣಿಗೆಯ ಕೆಲಸಕ್ಕೆ ಸೇರಿದ್ದೇನೆ. ಸಿನಿಮಾ ಬಿಟ್ಟು ಬಂದದ್ದು ದೊಡ್ಡ ಗುಣ ಎಂದು ಊರಿನ ಗೆಳೆಯರು ಬೆನ್ನು ತಟ್ಟುತ್ತಾರೆ. ಅವರು ಮುಟ್ಟಿದ ಕಡೆ ಮೈ ಮುದುರುತ್ತದೆ.