ಹೆಸರಿಟ್ಟು ಕರೆಯಲು ಕಲಿಸಿದ ಮೇಡಂ

ಮೊನ್ನೆ ಚಳ್ಳಕೆರೆಯ ಎಣ್ಣೆ ಮಿಲ್ಲಿನ ಮುಂದೆ ನಡೆದುಹೋಗುವಾಗ ಬಿಸಿ ಶೇಂಗಾ ಹಿಂಡಿಯ ವಾಸನೆ ಮೂಗಿಗೆ ಬಡಿಯಿತು. ಕಾಲು ತಾನಾಗಿಯೇ ನಿಂತಿತು. ಆ ಮಿಲ್ಲಿನ ಪಕ್ಕದ ಮಹಡಿಯಲ್ಲೇ ನಮ್ಮ ಕಂಪ್ಯೂಟರ್ ಸೆಂಟರ್ ಇತ್ತು. ಅಲ್ಲಿ ಕಲಿಸುತ್ತಿದ್ದ ಮೇಡಂ...

ಮೊಳಕಾಲ್ಮೂರಿನ ನೇಕಾರರ ಮನೆಯವರು. ಮನೆಯಲ್ಲಿ ತೆಲುಗು, ನಮ್ಮೊಂದಿಗೆ ಕನ್ನಡ. ದಿನಾ ಮೊದಲ ಬಸ್ಸಿಗೆ ಬರುತ್ತಿದ್ದರು. ಕಲಿತ ಮೇಲೆ ನನ್ನನ್ನು ಸಹಾಯಕಿಯಾಗಿ ಅಲ್ಲೇ ಉಳಿಸಿಕೊಂಡಿದ್ದರು. ರಕ್ತದಾನಿಗಳ ಒಂದು ವಾಟ್ಸಾಪ್ ಬಳಗವನ್ನೂ ಅವರು ನಡೆಸುತ್ತಿದ್ದರು.

ಒಂದು ಬೆಳಿಗ್ಗೆ ಚಿತ್ರದುರ್ಗದ ಆಸ್ಪತ್ರೆಯಿಂದ ಅವರಿಗೆ ಫೋನು ಬಂತು. ಬಾಣಂತಿಯೊಬ್ಬಳಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ, ಓ ನೆಗೆಟಿವ್ ರಕ್ತ ಬೇಕು. ಬಳಗದಲ್ಲಿ ಕೇಳಿದರೆ ಯಾರೂ ಉತ್ತರಿಸಲಿಲ್ಲ. ಆದರೆ ಸೇರುವಾಗ ಪ್ರತಿಯೊಬ್ಬರೂ ಹೆಸರು, ಊರು, ರಕ್ತದ ಗುಂಪು, ಫೋನ್ ನಂಬರ್ ಬರೆದು ಕಳಿಸಿದ್ದರು. ಅವೆಲ್ಲ ವರ್ಷಗಟ್ಟಲೆ ಹರಟೆಯ ನಡುವೆ ಹೂತುಹೋಗಿದ್ದವು. ಮೇಡಂ ಅಷ್ಟನ್ನೂ ಒಂದು ಫೈಲಿಗೆ ಇಳಿಸಿ, "ಓ ನೆಗೆಟಿವ್ ಇರೋರನ್ನ ಬೇಗ ತೆಗಿ" ಎಂದರು.

ಅದಕ್ಕೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬ ಕಂಪ್ಯೂಟರ್ ಉಪಾಯವಿತ್ತು. ಹುಡುಕಬೇಕಾದ ಬರಹಕ್ಕೆ ಒಂದು ಅಚ್ಚು ಬರೆಯುವುದು. ಅಚ್ಚಿನೊಳಗೆ ಆವರಣ ಹಾಕಿದ ಭಾಗ ಬೇಕಾದ ಪದವನ್ನು ಎತ್ತಿಕೊಡುತ್ತದೆ. ನಾನು ಆವರಣಗಳನ್ನು ಒಂದು, ಎರಡು, ಮೂರು ಎಂದು ಎಣಿಸಿ ಕರೆದೆ. ಕೆಲವರು ಹೆಸರಿಗೆ ಮೊದಲು 'ಶ್ರೀ' ಹಾಕಿದ್ದು ಕಂಡು, ಅದಕ್ಕೂ ಮೊದಲಲ್ಲೇ ಒಂದು ಆವರಣ ಸೇರಿಸಿದೆ. ಅಷ್ಟಕ್ಕೇ ಮುಂದಿನ ಎಣಿಕೆಯೆಲ್ಲ ಒಂದೊಂದು ಸ್ಥಾನ ಸರಿಯಿತು. ರಕ್ತದ ಗುಂಪಿನ ಜಾಗದಲ್ಲಿ ರಾಂಪುರ, ಸಿದ್ದಾಪುರ ಎಂದು ಊರುಗಳು ಸಾಲಾಗಿ ನಿಂತವು. ಮತ್ತೆ ಮೊದಲಿನಿಂದ ಎಣಿಸತೊಡಗಿದೆ.

ಮೇಡಂ ಕುರ್ಚಿ ಎಳೆದುಕೊಂಡು ಕೂತರು. "ಎಣಿಸ್ಬ್ಯಾಡ ಕಣೇ, ಹೆಸರಿಡು. ನಡುವೆ ಯಾರು ಬಂದು ಕುಂತ್ರೂ ಹೆಸ್ರು ಬದಲಾಗಲ್ಲ."

ಪ್ರತಿ ಆವರಣದ ಬಾಗಿಲಲ್ಲೂ ಅವರು ಒಂದು ಹೆಸರು ಬರೆದರು: ಹೆಸರು, ಊರು, ರಕ್ತ, ಫೋನು. ಆಮೇಲೆ 'ರಕ್ತ' ಎಂದು ಕರೆದರೆ ರಕ್ತವೇ ಬಂತು. ಓ ನೆಗೆಟಿವ್ ಮೂವರು ಸಿಕ್ಕರು. ಇಬ್ಬರ ಫೋನು ಹತ್ತಲಿಲ್ಲ. ಮೂರನೆಯವರು ತಳಕು ಎಂಬ ಊರಿನ ದರ್ಜಿ.

"ಅಣ್ಣಾ, ದುರ್ಗಕ್ಕೆ ಈಗ್ಲೇ ಹೋಗ್ತೀರಾ? ಒಂದು ಜೀವ ಐತೆ."

"ಕತ್ರಿ ಕೆಳಗಿಟ್ಟೆ ನೋಡ್ರಿ ಮೇಡಂ. ಗಾಡಿ ತೆಗೀತೀನಿ."

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು, ತಾಯಿ ಉಳಿದಳು. ಮೇಡಂ ಮುಖ ತೊಳೆದುಕೊಂಡು ಬಂದು, ಎಂದಿನಂತೆ ಎರಡು ಗಂಟೆಯ ಪಾಠ ಶುರುಮಾಡಿದರು. ಅಂದಿನಿಂದ ನಾನು ಎಣಿಕೆ ನಂಬಿದ್ದಿಲ್ಲ. ಎಂಥ ಕಲಸುಮೇಲೋಗರದ ಫೈಲು ಕೊಟ್ಟರೂ ಈಗ ಮೊದಲು ಹೆಸರಿಡುತ್ತೇನೆ.

ಹೋದ ವರ್ಷ ಮೇಡಂ ಕಾಯಿಲೆಯಿಂದ ತೀರಿಕೊಂಡರು. ಕೊನೆಯ ದಿನಗಳಲ್ಲಿ ನೋಡಲು ಹೋಗಬೇಕಿತ್ತು... ಹೋಗಲಿಲ್ಲ.

ಆ ವಾಸನೆ ಬಡಿದ ಮರುದಿನ ಮೊಳಕಾಲ್ಮೂರಿಗೆ ಹೋದೆ. ಅವರ ಅಮ್ಮ ಮಗ್ಗದ ಪಕ್ಕ ಕೂತು ಕಂಡಿಕೆಗೆ ರೇಷ್ಮೆ ನೂಲು ಸುತ್ತುತ್ತಿದ್ದರು. "ನಮ್ಮ ಪಾಪ ಅಲ್ಲಿ ದಿನಾ ಏನ್ ಕೆಲ್ಸ ಮಾಡ್ತಿದ್ಲಮ್ಮ? ಕೇಳಿದ್ರೆ ನಗ್ತಿದ್ಲು," ಎಂದು ತೆಲುಗಿನಲ್ಲಿ ಕೇಳಿದರು. ನನ್ನ ಹರಕು ತೆಲುಗಿನಲ್ಲಿ ಆ ಬೆಳಗಿನ ಕಥೆಯನ್ನೆಲ್ಲ ಹೇಳಿದೆ. ನೂಲು ಸುತ್ತುವ ಕೈ ನಿಂತಿತು.

"ಮನುಷ್ಯರನ್ನ ಹುಡುಕೋ ಕೆಲ್ಸವಾ?" ಎಂದರು. ನನ್ನ ಕೈ ಹಿಡಿದುಕೊಂಡರು. "ಇನ್ನೊಂದ್ಸಲ ಹೇಳು."

ಮೊದಲಿನಿಂದ ಹೇಳಿದೆ.